ರಸ್ತೆಯ ಸುರಕ್ಷತೆ ಮತ್ತು ಚಾಲಕನ ಮಾಹಿತಿ: ವರ್ತಕರ ಮೇಲಿನ ಎರಡು ಹೊಣೆಗಳು

2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದತ್ತ ರೋಗಿಯೊಬ್ಬರನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್ ಕೇಂದ್ರದಲ್ಲಿ, ಮಳೆಯಿಂದ ತೊಯ್ದ ನೆಲದ ಮೇಲೆ ಜಾರಿ, ಟೋಲ್ ಕಟ್ಟೆಗೆ ಅಪ್ಪಳಿಸಿತು. ದಾರಿಗೆ ಅಡ್ಡವಾಗಿದ್ದ ತಡೆಗಳನ್ನು ಸಿಬ್ಬಂದಿ ಅವಸರದಿಂದ ತೆರವುಗೊಳಿಸುತ್ತಿದ್ದಂತೆಯೇ ಈ ದುರಂತ ಸಂಭವಿಸಿತು. ನಾಲ್ವರು ಪ್ರಾಣ ಕಳೆದುಕೊಂಡರು. ಅಲ್ಲಿ ಅಳವಡಿಸಿದ್ದ ಕ್ಯಾಮೆರಾದಲ್ಲಿ ದಾಖಲಾದ ದೃಶ್ಯವು ಅತ್ಯಲ್ಪ ಕಾಲದಲ್ಲಿಯೇ ದೇಶದಾದ್ಯಂತ ಮೊಬೈಲ್‌ಗಳಲ್ಲಿ ಹರಿದಾಡಿತು.

ಈ ಘಟನೆ ಎರಡು ಪ್ರಶ್ನೆಗಳನ್ನು ಉಳಿಸಿಹೋಗಿದೆ. ತುರ್ತು ವಾಹನ ಸಾಗುವ ದಾರಿಯಲ್ಲಿ ತಡೆಗಳು ಇರಬೇಕಾಗಿತ್ತೇ ಎಂಬುದು ಮೊದಲನೆಯದು. ಸುರಕ್ಷತೆಗೆಂದು ಇಟ್ಟ ಕ್ಯಾಮೆರಾದ ಚಿತ್ರ, ಸತ್ತವರ ಕುಟುಂಬದವರ ಅನುಮತಿಯಿಲ್ಲದೆ, ಸಂಬಂಧವಿಲ್ಲದವರ ಕೈಗೆ ಹೇಗೆ ತಲುಪಿತು ಎಂಬುದು ಎರಡನೆಯದು. ಮೊದಲ ಪ್ರಶ್ನೆ ಸಾಕಷ್ಟು ಚರ್ಚೆಯಾಯಿತು. ಎರಡನೆಯದನ್ನು ಕೇಳಿದವರು ವಿರಳ. ಆ ದೃಶ್ಯದಿಂದ ಜನರಿಗೆ ಎಚ್ಚರಿಕೆ ದೊರೆಯಿತೆಂಬ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ತನಿಖಾಧಿಕಾರಿಗೆ, ರಸ್ತೆ ಎಂಜಿನಿಯರನಿಗೆ ಅಗತ್ಯವಾದ ದಾಖಲೆ ಬೇರೆ, ಊರೂರಿನ ಕುತೂಹಲಕ್ಕೆ ಉಣಬಡಿಸುವ ದೃಶ್ಯ ಬೇರೆ.

ರಸ್ತೆಯ ಸುರಕ್ಷತೆ ಮತ್ತು ವೈಯಕ್ತಿಕ ಮಾಹಿತಿಯ ರಕ್ಷಣೆ ಎರಡು ಪ್ರತ್ಯೇಕ ವಿಷಯಗಳೆಂಬ ಭಾವನೆ ವ್ಯಾಪಾರ ವಲಯದಲ್ಲಿ ಸಾಮಾನ್ಯವಾಗಿದೆ. ಮೊದಲನೆಯದು ಪೊಲೀಸರ ಕೆಲಸ, ಎರಡನೆಯದು ದೊಡ್ಡ ನಗರಗಳ ಗಣಕಯಂತ್ರ ಕಂಪೆನಿಗಳ ಕೆಲಸ ಎಂದು ತಿಳಿಯಲಾಗುತ್ತಿದೆ. ಇದು ಸರಿಯಲ್ಲ. ಸುರಕ್ಷತೆಗಾಗಿ ಪಡೆದ ಮಾಹಿತಿ ಸುರಕ್ಷತೆಗಷ್ಟೇ ಬಳಕೆಯಾಗುತ್ತದೆಂಬ ನಂಬಿಕೆ ಇದ್ದಾಗ ಮಾತ್ರ ಜನರು ಹೆಸರು ಹೇಳುತ್ತಾರೆ, ದಾಖಲೆ ತೋರಿಸುತ್ತಾರೆ, ದಂಡ ಕಟ್ಟುತ್ತಾರೆ, ಗಾಯಾಳುವಿಗೆ ನೆರವಾಗುತ್ತಾರೆ. ಆ ನಂಬಿಕೆ ಮುರಿದರೆ ರಸ್ತೆಯೂ ಅಪಾಯಕಾರಿಯಾಗುತ್ತದೆ. ವಾಹನವನ್ನು ರಸ್ತೆಗೆ ಕಳುಹಿಸುವ ಪ್ರತಿಯೊಬ್ಬ ವರ್ತಕ ಮತ್ತು ಕಿರು ಉದ್ಯಮಿಯ ಮೇಲೆ ಚಾಲಕನ ಜೀವದ ಹೊಣೆಯೊಂದಿಗೆ ಆತನ ಮಾಹಿತಿಯ ಹೊಣೆಯೂ ಇದೆ.

ಹೆದ್ದಾರಿ ಮತ್ತು ವ್ಯಾಪಾರ

ಬ್ರಹ್ಮಾವರ, ಕುಂದಾಪುರ, ಬೈಂದೂರು ಈ ಮೂರೂ ತಾಲೂಕುಗಳ ವ್ಯಾಪಾರ ನಿಂತಿರುವುದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಗಂಗೊಳ್ಳಿಯ ಮೀನು, ಗೇರುಬೀಜ ಕಾರ್ಖಾನೆಗಳ ಸರಕು, ಹೆಂಚು, ಅಕ್ಕಿ ಎಲ್ಲವೂ ಇದೇ ದಾರಿಯಲ್ಲಿ ಸಾಗಬೇಕು. ಕೊಲ್ಲೂರಿಗೆ ಬರುವ ಯಾತ್ರಿಕರ ವಾಹನಗಳೂ ಇದರಲ್ಲಿಯೇ ಬಂದು ಸೇರುತ್ತವೆ. ಚತುಷ್ಪಥವಾದ ಬಳಿಕ ಪ್ರಯಾಣದ ವೇಗ ಹೆಚ್ಚಿತು. ಆದರೆ ಹೆದ್ದಾರಿಯ ಎರಡೂ ಬದಿಗಳಲ್ಲಿ ಊರುಗಳು ಹಿಂದಿನಂತೆಯೇ ಇವೆ. ಮನೆ ಒಂದು ಬದಿಗೆ, ಅಂಗಡಿ ಇನ್ನೊಂದು ಬದಿಗೆ ಇರುವ ಜನರು ದಿನಕ್ಕೆ ಹಲವು ಬಾರಿ ರಸ್ತೆ ದಾಟಬೇಕು. ಒತ್ತಿನೆಣೆಯ ಏರು ತಿರುವು, ಮಳೆಗಾಲದಲ್ಲಿ ಅಲ್ಲಿ ಕುಸಿಯುವ ಗುಡ್ಡ, ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕೆಗೂ ನಡುವೆ ಹಾದುಹೋಗುವ ರಸ್ತೆಯ ಬದಿಯಲ್ಲಿ ನಿಲ್ಲುವ ಪ್ರವಾಸಿ ವಾಹನಗಳು, ಮೀನಿನ ಲಾರಿಗಳಿಂದ ಸೋರುವ ನೀರು, ಇವು ಇಲ್ಲಿನ ಪ್ರತಿಯೊಬ್ಬ ಚಾಲಕನಿಗೂ ಗೊತ್ತಿರುವ ಅಪಾಯಗಳು.

2016ರ ಜೂನ್ 21ರಂದು ತ್ರಾಸಿಯ ಬಳಿ ಶಾಲಾ ಮಕ್ಕಳನ್ನು ಕರೆದೊಯ್ಯುತ್ತಿದ್ದ ವ್ಯಾನು ಹಾಗೂ ಖಾಸಗಿ ಬಸ್ಸು ಡಿಕ್ಕಿಯಾಗಿ ಎಂಟು ಮಕ್ಕಳು ಮೃತಪಟ್ಟುದನ್ನು ಈ ಪ್ರದೇಶ ಮರೆತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ನೇ ಸಾಲಿನಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡವರ ಸಂಖ್ಯೆ 1,68,491. ಇಷ್ಟೊಂದು ಸಾವುಗಳಿಗೆ ಚಾಲಕನೊಬ್ಬನನ್ನೇ ಹೊಣೆಯಾಗಿಸುವುದು ಸುಲಭ. ಆದರೆ ಚಾಲಕನ ವೇಗವನ್ನು ಅನೇಕ ವೇಳೆ ನಿರ್ಧರಿಸುವವನು ಸರಕಿನ ಒಡೆಯ. ಇಷ್ಟು ಗಂಟೆಯೊಳಗೆ ಮಾರುಕಟ್ಟೆ ತಲುಪಲೇಬೇಕೆಂದು ಗಡುವು ಹಾಕುವವನು, ಮಿತಿಮೀರಿ ಹೊರೆ ಹೇರಿಸುವವನು, ದಾರಿಯುದ್ದಕ್ಕೂ ‘ಎಲ್ಲಿಗೆ ಮುಟ್ಟಿದೆ?’ ಎಂದು ಮೊಬೈಲ್ ಕರೆ ಮಾಡುವವನು ರಸ್ತೆಯ ಮೇಲೆ ಇಲ್ಲದಿದ್ದರೂ ಸ್ಟೀರಿಂಗ್‌ನ ಮೇಲೆ ಆತನ ಕೈ ಇದ್ದೇ ಇರುತ್ತದೆ. ಚಾಲನೆಯ ವೇಳೆ ಕೈಯಲ್ಲಿ ಮೊಬೈಲ್ ಹಿಡಿಯುವುದನ್ನು 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯೆಂದೇ ಪರಿಗಣಿಸಿದೆ. ಪರವಾನಗಿ ಇಲ್ಲದ ಹುಡುಗನ ಕೈಗೆ ಅಂಗಡಿಯ ಸ್ಕೂಟರು ಕೊಟ್ಟು ಸಾಮಾನು ಮುಟ್ಟಿಸಲು ಕಳುಹಿಸುವವರು ಅದೇ ತಿದ್ದುಪಡಿಯ 199ಎ ವಿಧಿಯನ್ನು ಓದಿಕೊಳ್ಳುವುದು ಒಳ್ಳೆಯದು. ಅಪ್ರಾಪ್ತ ವಯಸ್ಕ ಎಸಗುವ ಅಪರಾಧಕ್ಕೆ ಪೋಷಕ ಅಥವಾ ವಾಹನದ ಮಾಲೀಕನಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡವನ್ನು ಅದು ವಿಧಿಸುತ್ತದೆ.

ಒಂದು ದಿನದ ಪ್ರಯಾಣ, ಹಲವು ಕಡೆ ದಾಖಲೆ

ಬೈಂದೂರಿನಿಂದ ಹೊರಟು ಮಂಗಳೂರಿಗೆ ಸರಕು ಮುಟ್ಟಿಸಿ ಬರುವ ಚಾಲಕನೊಬ್ಬನ ದಿನವನ್ನು ಗಮನಿಸಬಹುದು. ಟೋಲ್ ಕೇಂದ್ರಗಳಲ್ಲಿ ಫಾಸ್ಟ್ಯಾಗ್ ಮೂಲಕ ಆತನ ವಾಹನ ಹಾದುಹೋದ ವೇಳೆ ದಾಖಲಾಗುತ್ತದೆ. ಕಾರ್ಖಾನೆಯ ದ್ವಾರದಲ್ಲಿ ಹೆಸರು, ಮೊಬೈಲ್ ಸಂಖ್ಯೆ, ವಾಹನದ ಸಂಖ್ಯೆಯನ್ನು ತೆರೆದ ಪುಸ್ತಕದಲ್ಲಿ ಬರೆಸಿಕೊಳ್ಳಲಾಗುತ್ತದೆ. ಹಿಂದಿನವರು ಬರೆದುದನ್ನು ಮುಂದಿನವರು ಓದಬಹುದು. ಸಾಗಾಟ ಕಚೇರಿಯಲ್ಲಿ ಪರವಾನಗಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳ ಜೆರಾಕ್ಸ್ ಪ್ರತಿ ಪಡೆಯಲಾಗುತ್ತದೆ. ಅವುಗಳ ಛಾಯಾಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಲಾಗುತ್ತದೆ. ಆ ಗುಂಪಿನಲ್ಲಿ ಯಾರಿದ್ದಾರೆ, ಯಾರು ಕೆಲಸ ಬಿಟ್ಟುಹೋಗಿದ್ದಾರೆ ಎಂಬುದನ್ನು ಪರಿಶೀಲಿಸುವವರಿಲ್ಲ. ಹಳೆಯ ಜೆರಾಕ್ಸ್ ಪ್ರತಿಗಳು ಕೊನೆಗೆ ರದ್ದಿ ಕಾಗದವಾಗಿ ಪೊಟ್ಟಣ ಕಟ್ಟುವ ಅಂಗಡಿಯನ್ನೂ ಸೇರಬಹುದು.

ಇವುಗಳಲ್ಲಿ ಯಾವುದೂ ದುರುದ್ದೇಶದಿಂದ ನಡೆಯುವುದಲ್ಲ. ಸರಕು ಕಳವಾಗಬಾರದು, ಅಪಘಾತವಾದರೆ ಚಾಲಕನ ಗುರುತು ಸಿಗಬೇಕು ಎಂಬ ನ್ಯಾಯವಾದ ಕಾರಣಗಳಿವೆ. ಲೋಪವಿರುವುದು ಮಾಹಿತಿ ಕೇಳುವುದರಲ್ಲಿ ಅಲ್ಲ. ಅಗತ್ಯಕ್ಕಿಂತ ಹೆಚ್ಚು ಕೇಳುವುದರಲ್ಲಿ, ಕೆಲಸ ಮುಗಿದ ಮೇಲೂ ಇಟ್ಟುಕೊಳ್ಳುವುದರಲ್ಲಿ, ಯಾರು ಬೇಕಾದರೂ ನೋಡುವಂತೆ ಬಿಡುವುದರಲ್ಲಿ ಲೋಪವಿದೆ.

ಸರ್ಕಾರವೂ ಈ ಪಾಠವನ್ನು ತಡವಾಗಿಯೇ ಕಲಿಯಿತು. ವಾಹನ ನೋಂದಣಿಯ ‘ವಾಹನ್’ ಮತ್ತು ಚಾಲನಾ ಪರವಾನಗಿಯ ‘ಸಾರಥಿ’ ದತ್ತಾಂಶಗಳನ್ನು 87 ಖಾಸಗಿ ಸಂಸ್ಥೆಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ಒದಗಿಸಿ ಸುಮಾರು 65 ಕೋಟಿ ರೂಪಾಯಿ ಗಳಿಸಿರುವುದಾಗಿ ಕೇಂದ್ರ ಸಾರಿಗೆ ಸಚಿವರು 2019ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಿದರು. ವಾಹನ ನೋಂದಾಯಿಸಿದ ಪ್ರಜೆಗೆ ಆಯ್ಕೆಯೇ ಇರಲಿಲ್ಲ, ಏಕೆಂದರೆ ನೋಂದಣಿ ಕಡ್ಡಾಯ. ಖಾಸಗಿತನದ ಹಾಗೂ ದುರುಪಯೋಗದ ಆತಂಕಗಳ ಹಿನ್ನೆಲೆಯಲ್ಲಿ 2020ರ ಜೂನ್‌ನಲ್ಲಿ ಆ ನೀತಿಯನ್ನು ಹಿಂತೆಗೆದುಕೊಳ್ಳಲಾಯಿತು. ಕಡ್ಡಾಯವಾಗಿ ಪಡೆದ ಮಾಹಿತಿಯನ್ನು ಮಾರಾಟದ ಸರಕಾಗಿಸಬಾರದೆಂಬ ವಿವೇಕ ಸರ್ಕಾರಕ್ಕೆ ಅನ್ವಯಿಸುವುದಾದರೆ, ಚಾಲಕನಿಂದ ಕಡ್ಡಾಯವಾಗಿಯೇ ದಾಖಲೆ ಪಡೆಯುವ ಸಾಗಾಟ ಕಚೇರಿಗೂ ಅನ್ವಯಿಸಬೇಕು.

ನಕಲಿ ಚಲನ್ ಎಂಬ ಬಲೆ

ಹೊರಬಿದ್ದ ಮಾಹಿತಿ ಯಾವ ರೂಪದಲ್ಲಿ ಹಿಂದಿರುಗಿ ಬರುತ್ತದೆ ಎಂಬುದಕ್ಕೆ ನಕಲಿ ಚಲನ್ ಉತ್ತಮ ನಿದರ್ಶನ. ‘ನಿಮ್ಮ ವಾಹನ ಸಂಚಾರ ನಿಯಮ ಉಲ್ಲಂಘಿಸಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ಸರ್ಕಾರಿ ಲಾಂಛನವಿರುತ್ತದೆ. ಕೆಲವೊಮ್ಮೆ ‘ಕೆಎ 20’ ಎಂದು ಆರಂಭವಾಗುವ, ಸ್ವಂತ ವಾಹನದ ಸಂಖ್ಯೆಯೇ ಇದ್ದುಬಿಡಬಹುದು. ತನ್ನ ವಾಹನದ ಸಂಖ್ಯೆಯನ್ನು ಕಂಡ ಮಾಲೀಕ ಅದನ್ನು ನಿಜವೆಂದು ನಂಬುತ್ತಾನೆ. ಜೊತೆಗಿರುವ ‘ಎಪಿಕೆ’ ಎಂದು ಕೊನೆಗೊಳ್ಳುವ ಕಡತವನ್ನು ತೆರೆದರೆ ಅದು ಮೊಬೈಲ್‌ನಲ್ಲಿ ತಂತ್ರಾಂಶವಾಗಿ ಸೇರಿಕೊಂಡು, ಸಂದೇಶಗಳನ್ನು ಓದುವ ಅನುಮತಿ ಪಡೆಯುತ್ತದೆ. ಬ್ಯಾಂಕಿನಿಂದ ಬರುವ ಒಟಿಪಿ ವಂಚಕನ ಕೈಸೇರಿದ ಮೇಲೆ ಖಾತೆ ಬರಿದಾಗಲು ಹೆಚ್ಚು ಹೊತ್ತು ಬೇಕಿಲ್ಲ. ಹೆಚ್ಚಿನ ಸುರಕ್ಷತೆಯ ನೋಂದಣಿ ಫಲಕವನ್ನು ಹಳೆಯ ವಾಹನಗಳಿಗೂ ಕಡ್ಡಾಯಗೊಳಿಸಿ 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆದೇಶಿಸಿದ ಬಳಿಕವೂ ಇದೇ ಬಗೆಯ ನಕಲಿ ಜಾಲತಾಣಗಳು ತಲೆಯೆತ್ತಿದವು. ಜನರು ಸರ್ಕಾರದ ಗಡುವಿಗೆ ಅಂಜಿ ಅವಸರಪಡುವ ಸಮಯವೇ ವಂಚಕರ ಸುಗ್ಗಿ.

ಇಲ್ಲಿ ಹೋಗುವುದು ಹಣವೊಂದೇ ಅಲ್ಲ. ಒಮ್ಮೆ ಮೋಸಹೋದವನು ನಿಜವಾದ ಚಲನ್ ಬಂದಾಗಲೂ ಅದನ್ನು ನಂಬುವುದಿಲ್ಲ. ದಂಡದ ಸೂಚನೆಯೇ ಸಂಶಯಾಸ್ಪದವಾದರೆ ದಂಡದ ಉದ್ದೇಶವೂ ಸೋಲುತ್ತದೆ. ನಿಜವಾದ ಚಲನ್ ಎಂದಿಗೂ ಅಳವಡಿಸಿಕೊಳ್ಳಬೇಕಾದ ತಂತ್ರಾಂಶವಾಗಿ ಬರುವುದಿಲ್ಲ ಎಂಬ ಒಂದು ಮಾತನ್ನು ಪ್ರತಿಯೊಬ್ಬ ಚಾಲಕನಿಗೂ ತಿಳಿಸಿದರೆ ಅರ್ಧ ವಂಚನೆ ತಪ್ಪುತ್ತದೆ. ಸಂದೇಶದಲ್ಲಿನ ಕೊಂಡಿಯನ್ನು ಒತ್ತದೆ, ಸಾರಿಗೆ ಇಲಾಖೆಯ ‘ಪರಿವಾಹನ್’ ಇ-ಚಲನ್ ಜಾಲತಾಣವನ್ನು ಸ್ವತಃ ತೆರೆದು ಪರಿಶೀಲಿಸುವುದೇ ಸರಿಯಾದ ಕ್ರಮ. ಮೋಸಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ದೂರು ಮುಟ್ಟಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅಪಘಾತದ ಗಾಯಾಳುವಿಗೆ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯಿದೆಯೇ ‘ಸುವರ್ಣ ಗಂಟೆ’ ಎಂದು ಕರೆದಿದೆ. ವಂಚನೆಗೊಳಗಾದ ಖಾತೆಗೂ ಅಂತಹದೇ ಒಂದು ಗಂಟೆ ಇದೆ.

ಹೆಸರು ಹೇಳಬೇಕಾಗಿಲ್ಲದ ಉಪಕಾರಿ

ಸುರಕ್ಷತೆಗೂ ಖಾಸಗಿತನಕ್ಕೂ ಇರುವ ನಂಟನ್ನು ಕಾನೂನು ಅತ್ಯಂತ ಸ್ಪಷ್ಟವಾಗಿ ಗುರುತಿಸಿರುವುದು ಗಾಯಾಳುವಿಗೆ ನೆರವಾಗುವವರ ವಿಷಯದಲ್ಲಿ. ರಸ್ತೆಯಲ್ಲಿ ಬಿದ್ದವನನ್ನು ಕಂಡು ಅನೇಕರು ವಾಹನ ನಿಲ್ಲಿಸದೆ ಮುಂದೆ ಹೋಗುವುದು ಕಲ್ಲು ಹೃದಯದಿಂದಲ್ಲ. ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಕೊಟ್ಟರೆ ಠಾಣೆಗೂ ನ್ಯಾಯಾಲಯಕ್ಕೂ ಅಲೆಯಬೇಕಾದೀತು ಎಂಬ ಭಯದಿಂದ. ಸರಕು ಹೊತ್ತ ಚಾಲಕನಿಗಂತೂ ಇದರೊಂದಿಗೆ ಮಾಲೀಕನ ಭಯವೂ ಸೇರಿಕೊಳ್ಳುತ್ತದೆ.

ಈ ಭಯವನ್ನು ನಿವಾರಿಸುವ ಸಲುವಾಗಿ ಕೇಂದ್ರ ಸರ್ಕಾರ ಹೊರಡಿಸಿದ್ದ ಮಾರ್ಗಸೂಚಿಗಳನ್ನು ಸರ್ವೋಚ್ಚ ನ್ಯಾಯಾಲಯ 2016ರ ಮಾರ್ಚ್ 30ರಂದು ಎತ್ತಿಹಿಡಿಯಿತು. ಕರ್ನಾಟಕ ಸರ್ಕಾರವು ಉಪಕಾರಿಗಳ ರಕ್ಷಣೆಗಾಗಿಯೇ 2016ರಲ್ಲಿ ಪ್ರತ್ಯೇಕ ಮಸೂದೆ ರೂಪಿಸಿ, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ವಿಧಿ ಸೇರಿತು. 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ, ಗಾಯಾಳುವನ್ನು ಆಸ್ಪತ್ರೆಗೆ ತಂದವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಯನ್ನು ಪೊಲೀಸರಾಗಲಿ ಮತ್ತಾರೇ ಆಗಲಿ ಬಲವಂತದಿಂದ ಪಡೆಯುವಂತಿಲ್ಲ. ಸ್ವಇಚ್ಛೆಯಿಂದ ತಿಳಿಸಬಹುದು, ಅಷ್ಟೆ. ಆಸ್ಪತ್ರೆಗಳು ಈ ಹಕ್ಕುಗಳನ್ನು ಸ್ಥಳೀಯ ಭಾಷೆಯಲ್ಲಿಯೂ ಪ್ರದರ್ಶಿಸಬೇಕು.

ಒಬ್ಬ ವ್ಯಕ್ತಿಯ ಹೆಸರನ್ನು ಗುಟ್ಟಾಗಿಡುವ ಅವಕಾಶದಿಂದ ಇನ್ನೊಬ್ಬನ ಜೀವ ಉಳಿಯಬಹುದೆಂದು ಕಾನೂನೇ ಒಪ್ಪಿದೆ. ಆದರೆ ಇದನ್ನು ಬಲ್ಲ ಚಾಲಕರೆಷ್ಟು? ತಮ್ಮ ಚಾಲಕರಿಗೆ ಇದನ್ನು ತಿಳಿಸಿದ ಮಾಲೀಕರೆಷ್ಟು? ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದೆ ಎಂಬ ವಿಷಯವೂ ಹಾಗೆಯೇ ಹೆಚ್ಚಿನವರನ್ನು ತಲುಪಬೇಕಾಗಿದೆ. ‘ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ನಿಲ್ಲಿಸು, ಸರಕು ತಡವಾದರೆ ಆಗಲಿ’ ಎಂದು ಮಾಲೀಕ ಮೊದಲೇ ಹೇಳಿಟ್ಟರೆ, ಆ ಮಾತಿಗೆ ಯಾವ ಸೂಚನಾ ಫಲಕಕ್ಕಿಂತಲೂ ಹೆಚ್ಚಿನ ಬೆಲೆಯಿದೆ.

‘ಇದೆಲ್ಲ ದೊಡ್ಡವರಿಗೆ’ ಎಂಬ ಆಕ್ಷೇಪ

ಎರಡು ಲಾರಿ, ನಾಲ್ವರು ನೌಕರರಿರುವ ಸಂಸ್ಥೆಗೆ ಮಾಹಿತಿ ರಕ್ಷಣೆಯ ಮಾತು ಅನಗತ್ಯ ಹೊರೆಯೆಂಬ ಆಕ್ಷೇಪ ಸಹಜ. ಜಿಎಸ್‌ಟಿ ವಿವರಣೆಗಳು, ಇ-ವೇ ಬಿಲ್, ವಿಮೆ, ಪರ್ಮಿಟ್ ಇವುಗಳ ನಡುವೆ ಕಿರು ಉದ್ಯಮಿ ಈಗಾಗಲೇ ಸಾಕಷ್ಟು ದಣಿದಿದ್ದಾನೆ. ಈ ದಣಿವನ್ನು ಕಡೆಗಣಿಸುವುದು ಸಲ್ಲದು.

ಆದರೂ ಎರಡು ಸಂಗತಿಗಳನ್ನು ಗಮನಿಸಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಮಾಹಿತಿ ಸಂಗ್ರಹಿಸುವವನ ಅಂಗಡಿಯ ಅಳತೆಯನ್ನು ನೋಡಿ ಹೊಣೆ ಹೊರಿಸುವುದಿಲ್ಲ. ಕೆಲವು ವರ್ಗಗಳಿಗೆ ವಿನಾಯಿತಿ ನೀಡುವ ಅಧಿಕಾರ ಸರ್ಕಾರಕ್ಕಿದೆ, ಆದರೆ ವಿನಾಯಿತಿಯ ನಿರೀಕ್ಷೆಯಲ್ಲಿ ಅಸಡ್ಡೆ ತೋರುವುದು ಜಾಣತನವಲ್ಲ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಮಾಹಿತಿಗೆ ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಗಳವರೆಗೂ ದಂಡ ವಿಧಿಸಬಹುದು. ಅದು ಗರಿಷ್ಠ ಮಿತಿ. ಲೋಪದ ಗಾತ್ರ, ಪರಿಣಾಮಗಳನ್ನು ನೋಡಿ ದಂಡ ನಿರ್ಧರಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಆದುದರಿಂದ ಅಂಜಬೇಕಾದ ಅಗತ್ಯವಿಲ್ಲ, ಅಣಿಯಾಗಬೇಕಾದ ಅಗತ್ಯವಿದೆ.

ಎರಡನೆಯದಾಗಿ, ಮಾಹಿತಿಯ ಅಸಡ್ಡೆ ಸ್ವತಃ ವರ್ತಕನಿಗೇ ನಷ್ಟ ತರುತ್ತದೆ. ಹಳೆಯ ವಾಹನ ಮಾರಿದ ಬಳಿಕ ನೋಂದಣಿಯಲ್ಲಿ ಹೆಸರು ಬದಲಾಗದೆ ಉಳಿಯುವುದು ಇಲ್ಲಿ ಸಾಮಾನ್ಯ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರದ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರುವರಿಯಲ್ಲಿ ತೀರ್ಪಿತ್ತಿದೆ. ವಾಹನ ಎಷ್ಟು ಕೈ ಬದಲಾಗಿದ್ದರೂ ಪರಿಹಾರದ ನೋಟೀಸು ಬರುವುದು ಮೊದಲ ಮಾಲೀಕನ ಮನೆಬಾಗಿಲಿಗೆ. ಫಾಸ್ಟ್ಯಾಗ್ ಮುಚ್ಚಿಸದಿದ್ದರೆ ಟೋಲ್ ಹಣವೂ ಆತನ ಖಾತೆಯಿಂದಲೇ ಹೋಗುತ್ತದೆ.

ಆಗಬೇಕಾದುದೇನು?

ಇದಕ್ಕೆ ಹೆಚ್ಚಿನ ಖರ್ಚು ಬೇಕಿಲ್ಲ. ಈ ಕೆಳಗಿನ ಕ್ರಮಗಳು ಯಾವುದೇ ಸಣ್ಣ ಸಂಸ್ಥೆಗೂ ಸಾಧ್ಯವಾದವು.

1. ಚಾಲಕನ ಪರವಾನಗಿ ಮತ್ತು ನೋಂದಣಿ ಪತ್ರವನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ರಸ್ತೆಯಲ್ಲಿ ಪೊಲೀಸರು ಒಪ್ಪುವ ಈ ದಾಖಲೆಗಳನ್ನು ಕಚೇರಿಯೂ ಒಪ್ಪಬಹುದು. ಜೆರಾಕ್ಸ್ ಅನಿವಾರ್ಯವಾದರೆ ಅದರ ಮೇಲೆ ಉದ್ದೇಶ ಮತ್ತು ದಿನಾಂಕ ಬರೆಯಬೇಕು. ಆಧಾರ್ ಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿ ಸಾಕು.

2. ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾಹನದ ಸಂಖ್ಯೆ, ಸರಕಿನ ವಿವರ ಮಾತ್ರ ಇರಲಿ. ದಾಖಲೆಗಳ ಛಾಯಾಚಿತ್ರ ಬೇಡ. ಕೆಲಸ ಬಿಟ್ಟವರನ್ನು ಅಂದೇ ಗುಂಪಿನಿಂದ ತೆಗೆಯಬೇಕು.

3. ದ್ವಾರದ ಪುಸ್ತಕದ ಬದಲು ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬಳಸಬಹುದು. ಅವಧಿ ಮೀರಿದ ದಾಖಲೆಗಳನ್ನು ರದ್ದಿಗೆ ಹಾಕದೆ ಹರಿದು ನಾಶಪಡಿಸಬೇಕು.

4. ಚಾಲಕ ರಸ್ತೆಯಲ್ಲಿರುವಾಗ ಮಾಲೀಕ ಕರೆ ಮಾಡಬಾರದು. ನಿಗದಿತ ತಾಣಗಳಲ್ಲಿ ನಿಲ್ಲಿಸಿ ಚಾಲಕನೇ ಕರೆ ಮಾಡುವ ಪದ್ಧತಿ ಇರಲಿ. ವಾಹನಕ್ಕೆ ಜಿಪಿಎಸ್ ಅಳವಡಿಸಿದ್ದರೆ ಅದನ್ನು ಚಾಲಕನಿಗೆ ತಿಳಿಸಿರಬೇಕು, ಕೆಲಸದ ವೇಳೆಗಷ್ಟೇ ನೋಡಬೇಕು.

5. ಅಂಗಡಿ, ಪೆಟ್ರೋಲ್ ಬಂಕ್, ವಸತಿಗೃಹಗಳ ಕ್ಯಾಮೆರಾದಲ್ಲಿ ಅಪಘಾತದ ದೃಶ್ಯ ಸಿಕ್ಕಿದರೆ ಅದನ್ನು ಅಳಿಸದೆ ಕಾಯ್ದಿಟ್ಟು ಪೊಲೀಸರಿಗೆ ಒಪ್ಪಿಸಬೇಕು. ಬೇರೆ ಯಾರಿಗೂ ಕಳುಹಿಸಬಾರದು.

ಇವುಗಳಲ್ಲಿ ಕೆಲವನ್ನು ಸಂಸ್ಥೆಗಳು ಒಬ್ಬೊಬ್ಬರಾಗಿ ಮಾಡುವುದಕ್ಕಿಂತ ವರ್ತಕರ ಸಂಘಗಳು ಒಟ್ಟಾಗಿ ಮಾಡುವುದು ಸುಲಭ. ಉಪಕಾರಿಗಳ ಹಕ್ಕು, 112 ಮತ್ತು 108 ತುರ್ತು ಸಂಖ್ಯೆಗಳು, 1930 ಸಹಾಯವಾಣಿ, ನಕಲಿ ಚಲನ್‌ನ ಲಕ್ಷಣ ಇವುಗಳನ್ನು ಕನ್ನಡದಲ್ಲಿ ಮುದ್ರಿಸಿದ ಒಂದು ಪುಟದ ಕರಪತ್ರ ಪ್ರತಿಯೊಂದು ಸರಕು ವಾಹನದಲ್ಲಿರಲಿ. ಟೋಲ್ ಕೇಂದ್ರಗಳ ತುರ್ತು ದಾರಿ ಸದಾ ತೆರವಾಗಿರಬೇಕೆಂದೂ ಮಳೆಗಾಲಕ್ಕೆ ಮೊದಲು ಅಪಾಯದ ತಾಣಗಳ ಪರಿಶೀಲನೆ ನಡೆಯಬೇಕೆಂದೂ ಹೆದ್ದಾರಿ ಪ್ರಾಧಿಕಾರವನ್ನು ಒತ್ತಾಯಿಸುವ ಶಕ್ತಿ ಇರುವುದೂ ಸಂಘಟಿತ ವರ್ತಕರಿಗೇ.

ಮಾಹಿತಿಯ ಗುಟ್ಟು ಕಾಯುವುದು ವ್ಯಾಪಾರಿಗಳಿಗೆ ಹೊಸ ಪಾಠವೇನಲ್ಲ. ಒಬ್ಬ ಗಿರಾಕಿಯ ಉದ್ರಿ ಬಾಕಿ ಎಷ್ಟೆಂಬುದನ್ನು ಇನ್ನೊಬ್ಬ ಗಿರಾಕಿಯ ಮುಂದೆ ಹೇಳದಿರುವುದು ಅಂಗಡಿಯ ಹಳೆಯ ಧರ್ಮ. ಲೆಕ್ಕದ ಪುಸ್ತಕವನ್ನು ಗಲ್ಲೆಯ ಒಳಗಿಟ್ಟು ಬೀಗ ಹಾಕಿದ ಹಿರಿಯರಿಗೆ ಕಾಯಿದೆಯ ಬೆದರಿಕೆ ಇರಲಿಲ್ಲ. ಗಿರಾಕಿಯ ನಂಬಿಕೆಯೇ ಬಂಡವಾಳವೆಂಬ ಅರಿವಿತ್ತು. ಅದೇ ಮರ್ಯಾದೆಯನ್ನು ಸರಕು ಹೊತ್ತು ಸಾಗುವ ಚಾಲಕನ ಕಾಗದಪತ್ರಗಳಿಗೂ ತೋರುವುದು, ಆತ ಸಂಜೆ ಕ್ಷೇಮವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದು ಇಂದಿನ ವರ್ತಕರ ಕರ್ತವ್ಯ. ಬರುವ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಸಂಸ್ಥೆಯೂ ತನ್ನ ಕಪಾಟು ಹಾಗೂ ಮೊಬೈಲ್‌ಗಳಲ್ಲಿ ಯಾರ ಯಾರ ದಾಖಲೆಗಳು ಉಳಿದಿವೆ ಎಂದು ಒಮ್ಮೆ ಪರಿಶೀಲಿಸಿದರೆ ಈ ಕಾರ್ಯಕ್ಕೆ ಆರಂಭ ದೊರೆತಂತಾಗುತ್ತದೆ.